ಬಳ್ಳಾರಿಯ ಒಂದು ಪೆಟ್ ಶಾಪ್: ಸ್ನಾನಕ್ಕೆ ಹೋಗಿ, ಮಷಿನ್ ಕಟ್‌ಗೆ ಬೇಡ

ಈ ಅಂಗಡಿಯಲ್ಲಿ ಮುಂದೆ ನಾಯಿಮರಿಗಳ ಮಾರಾಟ, ಒಳಗೆ ಗ್ರೂಮಿಂಗ್, ಅಂದರೆ ನಾಯಿಯನ್ನು ತೊಳೆದು ಬಾಚಿ ಕೂದಲು ಕತ್ತರಿಸುವ ಕೆಲಸ. ಒಳಗಿನ ಕೆಲಸ, ಒಂದೆರಡನ್ನು ಬಿಟ್ಟರೆ, ಬಲು ಅಚ್ಚುಕಟ್ಟು. ಮುಂದೆ ಮರಿ ಮಾರುವವರ ಮಾತನ್ನು ಮಾತ್ರ ಹಾಗೇ ನಂಬಬೇಡಿ.

ಪಂಜರದ ಬಿಳಿ ಮರಿಗಳಿಗೆಲ್ಲ ‘ಪ್ಯೂರ್ ಪಮೇರಿಯನ್’ ಎಂಬ ಚೀಟಿ. ಅವು ಇಂಡಿಯನ್ ಸ್ಪಿಟ್ಜ್. ನಮ್ಮ ಓಣಿಗಳಲ್ಲಿ ‘ಪಾಮ್’ ಅನ್ನಿಸಿಕೊಳ್ಳುವುದೂ ಬಹುಪಾಲು ಇದೇ. ಬ್ರಿಟಿಷರ ಕಾಲದಲ್ಲಿ ಬಂದ ಜರ್ಮನ್ ಸ್ಪಿಟ್ಜ್‌ಗಳ ಸಂತತಿ, ಇಲ್ಲಿಯ ಸೆಕೆಗೆ ಒಗ್ಗಿದ ತಳಿ. ಮೂತಿ ಉದ್ದ, ಕಿವಿ ದೊಡ್ಡದು, ತುಪ್ಪಳ ತುಸು ತೆಳು. ಬೆಳೆದ ಮೇಲೆ ಚಿಕ್ಕ ಜಾತಿಯದೇ ಐದರಿಂದ ಏಳು ಕಿಲೋ ತೂಗುತ್ತದೆ. ಇವತ್ತಿನ ಪಮೇರಿಯನ್ ಬರೀ 1.4ರಿಂದ 3.2 ಕಿಲೋ. ಎರಡು ತಿಂಗಳ ಮರಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಅಲ್ಲೇ ಮೋಸ ಹೋಗುವುದು. ತಾಯಿನಾಯಿಯನ್ನು ತೋರಿಸಲು ಹೇಳಿ, ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಕೊಡುವ ತಳಿಯ ಪತ್ರ ಕೇಳಿ. ಪತ್ರವಿಲ್ಲದಿದ್ದರೆ ಪಮೇರಿಯನ್ ಬೆಲೆ ಕೊಡಬೇಡಿ. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗೇ ಇಲ್ಲ, ಲಸಿಕೆ ಪುಸ್ತಕದಲ್ಲಿ ತಾರೀಖು ನೋಡಿಕೊಳ್ಳಿ.

ಹಾಗಂತ ಸ್ಪಿಟ್ಜ್ ಕೀಳಲ್ಲ. ಪಮೇರಿಯನ್ ಕೂಡ ಮೊದಲಿಗೆ ಇಷ್ಟು ಪುಟ್ಟದಾಗಿರಲಿಲ್ಲ. ಬಾಲ್ಟಿಕ್ ಸಮುದ್ರದ ದಕ್ಷಿಣ ದಂಡೆಯಲ್ಲಿ, ಈಗ ಪೋಲೆಂಡ್ ಮತ್ತು ಜರ್ಮನಿಗೆ ಹಂಚಿಹೋಗಿರುವ ಪೊಮೆರೇನಿಯಾ ಸೀಮೆಯಿಂದ ಅದಕ್ಕೆ ಆ ಹೆಸರು. 1767ರಲ್ಲಿ ರಾಣಿ ಷಾರ್ಲೆಟ್ ಇಂಗ್ಲೆಂಡಿಗೆ ತರಿಸಿಕೊಂಡ ಜೋಡಿ ಇವತ್ತಿನವಕ್ಕಿಂತ ಎಷ್ಟೋ ದೊಡ್ಡದು. ಆಸ್ಥಾನದವರನ್ನು ಚಿತ್ರಿಸುತ್ತಿದ್ದ ಗೇನ್ಸ್‌ಬರೋ ಬರೆದ ಚಿತ್ರಗಳಲ್ಲಿ ಆ ಕಾಲದ ಪಮೇರಿಯನ್‌ನ ಮೈಕಟ್ಟು ಈಗಲೂ ಕಾಣುತ್ತದೆ. 1888ರಲ್ಲಿ ವಿಕ್ಟೋರಿಯಾ ರಾಣಿ ಫ್ಲಾರೆನ್ಸ್‌ನಿಂದ ಕೊಂಡುತಂದ ಮಾರ್ಕೊ ಎಂಬ ಪಮೇರಿಯನ್ ಸುಮಾರು ಐದೂವರೆ ಕಿಲೋ ಇತ್ತು. ಅಲ್ಲಿಂದಾಚೆಗೆ ಚಿಕ್ಕ ನಾಯಿಗೇ ಬೇಡಿಕೆ, ಚಿಕ್ಕವನ್ನೇ ಆರಿಸಿ ಆರಿಸಿ ಕೂಡಿಸಿದರು. ತೂಕ ಹಿಡಿದು ನೋಡಿದರೆ ಮಾರ್ಕೊಗೆ ಹತ್ತಿರದ್ದು ನಮ್ಮ ಓಣಿಯ ‘ಪಾಮ್’!

ಮೈ ಕುಗ್ಗಿತು, ಚಳಿನಾಡಿನ ತುಪ್ಪಳ ಹಾಗೇ ಉಳಿಯಿತು: ಒಳಗೆ ಹತ್ತಿಯಂಥ ಮೆತ್ತನೆಯ ಪದರ, ಮೇಲೆ ಉದ್ದನೆಯ ಒರಟು ಕೂದಲು. ಸ್ಪಿಟ್ಜ್‌ಗೂ ಇದೇ ಎರಡು ಪದರ. ಈ ಅಂಗಡಿ ತಪ್ಪುವುದು ಇಲ್ಲೇ. ಏಪ್ರಿಲ್ ಬಂತೆಂದರೆ ‘ಸಮ್ಮರ್ ಕಟ್’ ಎಂದು ಮಷಿನ್ ಹಿಡಿದು ಚರ್ಮದ ತನಕ ಬೋಳಿಸುತ್ತಾರೆ. ಬೋಳಾದ ಚರ್ಮಕ್ಕೆ ಬಳ್ಳಾರಿ ಬಿಸಿಲು ನೇರ ಬಡಿಯುತ್ತದೆ. ಆಮೇಲೆ ಒಳಪದರ ಮೊದಲು ಚಿಗುರಿ, ಮೇಲ್ಗೂದಲು ತಿಂಗಳುಗಟ್ಟಲೆ ಬಾರದೆ ತೇಪೆತೇಪೆಯಾಗಿ ನಿಲ್ಲಬಹುದು. ಕೆಲವು ನಾಯಿಗಳಿಗೆ ಮೊದಲಿನ ಹಾಗೆ ಬರುವುದೇ ಇಲ್ಲ. ನಾಯಿ ತಣ್ಣಗಾಗುವುದು ಮುಖ್ಯವಾಗಿ ತೇಕುವುದರಿಂದ. ಉದುರಿದ ಒಳಗೂದಲನ್ನು ಬಾಚಿ ತೆಗೆದರೆ ಗಾಳಿಯಾಡುತ್ತದೆ, ಅಷ್ಟು ಸಾಕು.

ಆ ಬಾಚುವ ಕೆಲಸ ಇವರಿಗೆ ಚೆನ್ನಾಗಿ ಗೊತ್ತು. ನೀರು ಹಾಕುವ ಮೊದಲೇ ಕೂದಲನ್ನು ಸಾಲುಸಾಲಾಗಿ ಎತ್ತಿ ಹಿಡಿದು, ಬುಡದಿಂದ ಸ್ಲಿಕರ್ ಬ್ರಷ್ (ಸಣ್ಣ ತಂತಿ ಹಲ್ಲುಗಳ ಬ್ರಷ್) ಆಡಿಸುತ್ತಾರೆ. ಕಿವಿಯ ಹಿಂದೆ, ಕಂಕುಳಲ್ಲಿ, ಹಿಂದೊಡೆಯಲ್ಲಿ ಗಂಟು ಬೆರಳಲ್ಲೇ ಬಿಡಿಸುತ್ತಾರೆ, ಒದ್ದೆಯಾದರೆ ಅದೇ ಗಂಟು ಉಂಡೆಗಟ್ಟುತ್ತದೆ. ಬೋರಿನ ಗಡಸು ನೀರಿಗೆ ನೊರೆ ಸರಿಯಾಗಿ ಬರುವುದಿಲ್ಲವೆಂದು ಶಾಂಪೂ ಮೊದಲೇ ನೀರಲ್ಲಿ ಕಲಸಿಕೊಂಡು ಹಚ್ಚಿ, ಜಿಗುಟು ಹೋಗುವವರೆಗೆ ತೊಳೆಯುತ್ತಾರೆ. ಕಡೆಗೆ ಬ್ಲೋವರ್, ಹೆಚ್ಚು ಬಿಸಿ ಇಲ್ಲದ ಗಾಳಿ, ಕೂದಲ ದಿಕ್ಕಿಗೆ ಎದುರಾಗಿ, ಬುಡ ಒಣಗುವ ತನಕ. ಇದೊಂದು ಬಿಟ್ಟುಹೋದರೆ ಒಳಪದರದ ತೇವಕ್ಕೆ ಚರ್ಮ ಕೆಂಪಾಗಿ ಹುಣ್ಣು ಏಳುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಮಾಡಿಸಿದರೆ ಸಾಕು, ಉಳಿದ ದಿನ ಮನೆಯಲ್ಲೇ ಬಾಚಿ.

ಒಣಗಿಸುವಾಗ ಕೊರಳಪಟ್ಟಿಗೆ ಕುಣಿಕೆ ಹಾಕಿ ಮೇಜಿಗೆ ಬಿಗಿಯುತ್ತಾರೆ, ಇದು ಸರಿಯಲ್ಲ. ಪಮೇರಿಯನ್‌ನ ಶ್ವಾಸನಾಳ ಮೆತ್ತಗೆ, ಒತ್ತಡಕ್ಕೆ ಕುಸಿಯಬಹುದು, ಹಂಸದ ಕೂಗಿನಂಥ ಒಣಕೆಮ್ಮು ಅದರ ಗುರುತು. ಎದೆಗೆ ಹಾಕುವ ಹಾರ್ನೆಸ್ ನೀವೇ ಒಯ್ಯಿರಿ. ಕೌಂಟರಿನಲ್ಲಿ ಚೀಟಿ ಬರೆಸುವಾಗಲೇ ಹೇಳಿ: ಬಾಚಿ, ತೊಳೆದು, ಒಣಗಿಸಿ, ಕತ್ತರಿ ಅಂಗಾಲಿಗೆ, ಬಾಲದ ಕೆಳಗೆ ಮಾತ್ರ.