ಬಾಣಂತಿಗೆ ಹಾಲಿನ ಪಂಪ್: ಯಾವುದಕ್ಕೆ ರೊಕ್ಕ ಹಾಕಬೇಕು, ಯಾವುದಕ್ಕೆ ಬ್ಯಾಡ

"ಕೂಸಿಗೆ ಹಾಲು ಸಾಲವಲ್ದು, ಒಂದು ಪಂಪ್ ಕೊಡ್ರಿ" ಅಂತ ಹುಬ್ಬಳ್ಳಿಯಲ್ಲಾಗಲಿ ಧಾರವಾಡದಲ್ಲಾಗಲಿ ಮೆಡಿಕಲ್ ಶಾಪಿಗೆ ಹೋದರೆ ಕೌಂಟರಿನ ಮೇಲೆ ಮೂರು ನಮೂನೆ ಬರುತ್ತವೆ: ರಬ್ಬರ್ ಬುಗ್ಗೆಯದು, ಕೈಯಿಂದ ಹಿಡಿ ಒತ್ತುವುದು, ಮೋಟರಿನದು. ಜೋಡಿಗೆ ಶತಾವರಿ ಪುಡಿಯ ಡಬ್ಬಿ. ಹಾಲು ಹೆಚ್ಚಾಗುವುದು ಎದೆ ಎಷ್ಟು ಸಲ, ಎಷ್ಟರಮಟ್ಟಿಗೆ ಖಾಲಿಯಾಗುತ್ತದೆ ಅನ್ನುವುದರ ಮೇಲೆ. ಈ ನಾಲ್ಕನ್ನೂ ಅದೇ ಅಳತೆಯಿಂದ ನೋಡಿದ್ದೇವೆ.

ರಬ್ಬರ್ ಬುಗ್ಗೆಯ ಪಂಪ್ ಪುಕ್ಕಟೆ ಕೊಟ್ಟರೂ ಬ್ಯಾಡ. ಎಳೆತ ಎಷ್ಟಿರಬೇಕು ಎಂಬುದು ಕೈಗೆ ಸಿಗುವುದಿಲ್ಲ, ಬುಗ್ಗೆ ಬಿಟ್ಟ ಕೂಡಲೇ ತೊಟ್ಟು ಜಗ್ಗಿ ಗಾಯವಾಗುತ್ತದೆ. ಹಾಲು ಹಿಮ್ಮುಖವಾಗಿ ಬುಗ್ಗೆಯೊಳಗೆ ಹೋಗಿ ಕೂತರೆ ಬ್ರಷ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಇನ್ನೂ ಮಾರಾಟಕ್ಕೆ ಇಟ್ಟುಕೊಂಡಿದ್ದಾರೆ ಅನ್ನುವುದೇ ಸೋಜಿಗ.

ಕೈಪಂಪ್ ಚಲೋ ಇದೆ, ಆದರೆ ಕೆಲಸಕ್ಕೆ ತಕ್ಕಂತೆ. ಎದೆ ಬಿಗಿದು ಕಲ್ಲಾದಾಗ ಸ್ವಲ್ಪ ಸಡಿಲ ಮಾಡಲು, ದಿನಕ್ಕೆ ಒಂದೆರಡು ಸಲ ತೆಗೆಯಲು ಸಾಕು. ಮೆಡೆಲಾ ಹಾರ್ಮನಿ ಎಂಬ ಕೈಪಂಪಿನ ಹಿಡಿಯಲ್ಲಿ ಗಿಡ್ಡ ತುದಿ, ಉದ್ದ ತುದಿ ಎಂದು ಎರಡು ಇವೆ. ಗಿಡ್ಡದನ್ನು ಪಟಪಟ ಒತ್ತಿ ಹಾಲು ಇಳಿಸಿಕೊಂಡು, ಇಳಿದ ಮೇಲೆ ಉದ್ದದ್ದನ್ನು ನಿಧಾನ ಒತ್ತಬೇಕು. ಕೂಸು ಕುಡಿಯುವ ರೀತಿಯೂ ಹಾಗೇ ಇರುತ್ತದೆ. ಆದರೆ ಕೂಸು ಎನ್‌ಐಸಿಯುದಲ್ಲಿದ್ದು (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ದಿನಕ್ಕೆ ಎಂಟು ಸಲ ತೆಗೆಯಬೇಕಾದ ಬಾಣಂತಿಗೆ ಇದನ್ನು ಕೊಡಿಸಿದರೆ ಎರಡು ದಿನದಲ್ಲಿ ಮಣಿಕಟ್ಟು ನೋಯುತ್ತದೆ, ನಾಲ್ಕನೇ ದಿನ ಪಂಪ್ ಕಪಾಟು ಸೇರುತ್ತದೆ.

ಹಾಲು ನಿಜಕ್ಕೂ ಕಡಿಮೆ ಇದ್ದವರಿಗೆ ಎರಡೂ ಬದಿಗೆ ಏಕಕಾಲಕ್ಕೆ ಹಚ್ಚುವ ಮೋಟರ್ ಪಂಪೇ ಸರಿ. ಸಮಯ ಅರ್ಧಕ್ಕೆ ಇಳಿಯುತ್ತದೆ. ಬ್ಯಾಟರಿ ಚಾರ್ಜ್ ಆಗುವಂಥದ್ದನ್ನೇ ನೋಡಿ. ಬಾಣಂತನಕ್ಕೆ ತವರಿಗೆ ಅಂತ ರೋಣ, ಶಿಗ್ಗಾಂವಿ ಕಡೆಯ ಹಳ್ಳಿಗೆ ಹೋದರೆ ಕರೆಂಟಿನ ಭರವಸೆ ಕಟ್ಟಿಕೊಳ್ಳಬೇಡಿ. ಇನ್ನೊಂದು, ಹಾಲು ನಳಿಕೆಗೆ ಹೋಗದಂತೆ ನಡುವೆ ಪರದೆ ಇರುವ "ಕ್ಲೋಸ್ಡ್ ಸಿಸ್ಟಮ್" ಹೌದೋ ಅಲ್ಲವೋ ಕೇಳಿ. ಪರದೆ ಇಲ್ಲದ್ದರಲ್ಲಿ ಹಾಲು ಮೋಟರಿನತನಕ ಹೋಗಿ ಒಳಗೆ ಬೂಸಲು ಹಿಡಿಯುತ್ತದೆ, ಬಿಚ್ಚಿ ತೊಳೆಯಲು ಬರುವುದಿಲ್ಲ. ಹಾಗಾಗಿ ಅಕ್ಕನದೋ ನೆಗೆಣ್ಣಿಯದೋ ಹಳೆ ಪಂಪ್ ಬಂತೆಂದರೆ ಬಳಸಬೇಡಿ. ಬಾಡಿಗೆಗೆ ತರುವುದಾದರೆ ಅನೇಕರ ಬಳಕೆಗೆಂದೇ ಮಾಡಿದ ಆಸ್ಪತ್ರೆ ದರ್ಜೆಯದು ಇರಬೇಕು, ಎದೆಗೆ ಹಚ್ಚುವ ಕಿಟ್ ಮಾತ್ರ ನಿಮ್ಮದೇ ಹೊಸದು.

ಪಂಪ್ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಮೋಟರಿನವಲ್ಲ, ಫ್ಲೇಂಜಿನವು. ಫ್ಲೇಂಜ್ ಅಂದರೆ ಎದೆಗೆ ಹಚ್ಚುವ ಆ ಬಟ್ಟಲಿನಂಥ ಭಾಗ. ಡಬ್ಬಿಯಲ್ಲಿ ಸಾಮಾನ್ಯವಾಗಿ 24 ಮಿ.ಮೀ.ದು ಇರುತ್ತದೆ, ಅದು ಎಲ್ಲರಿಗೂ ಹೊಂದುವುದಿಲ್ಲ. ತೊಟ್ಟಿನ ಬುಡದ ಅಗಲವನ್ನಷ್ಟೇ, ಸುತ್ತಲಿನ ಕಪ್ಪು ಭಾಗ ಬಿಟ್ಟು, ಸ್ಕೇಲಿನಿಂದ ಅಳೆಯಿರಿ. ಅದಕ್ಕಿಂತ ಒಂದೆರಡು ಮಿ.ಮೀ. ದೊಡ್ಡ ಫ್ಲೇಂಜಿನಿಂದ ಶುರು ಮಾಡಿ. ಕೆಲವರಿಗೆ 18 ಅಥವಾ 21 ಸಾಕು, ಕೆಲವರಿಗೆ 27 ಬೇಕು. ಕಪ್ಪು ಭಾಗವೂ ಫ್ಲೇಂಜಿನ ಕೊಳವೆಯೊಳಗೆ ಸರಿದು ಬಾತುಕೊಂಡರೆ ಫ್ಲೇಂಜ್ ದೊಡ್ಡದಾಯಿತು. ತೊಟ್ಟು ಗೋಡೆಗೆ ತಿಕ್ಕಿ, ತೆಗೆದಾಗ ಬೆಳ್ಳಗೆ ಕಾಣಿಸಿದರೆ ಸಣ್ಣದಾಯಿತು. ಎರಡರಲ್ಲೂ ಹಾಲು ಪೂರ್ತಿ ಇಳಿಯುವುದಿಲ್ಲ, ಉಳಿದ ಹಾಲು ಮರುದಿನದ ಹಾಲನ್ನು ಕಡಿಮೆ ಮಾಡುತ್ತದೆ. ದೊಡ್ಡ ಫ್ಲೇಂಜಿನೊಳಗೆ ಕೂಡಿಸುವ ಸಿಲಿಕಾನ್ ಇನ್ಸರ್ಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಮೋಟರ್ ಬದಲಿಸುವ ಮೊದಲು ಅದನ್ನು ಹಾಕಿ ನೋಡಿ.

ಎರಡನೇ ಕಳ್ಳ ಡಕ್‌ಬಿಲ್ ವಾಲ್ವ್. ಬಾತುಕೋಳಿಯ ಕೊಕ್ಕಿನಂಥ, ತುದಿಯಲ್ಲಿ ಸೀಳು ಇರುವ ಸಿಲಿಕಾನ್ ತುಂಡು ಅದು. ಬೆಳಕಿಗೆ ಹಿಡಿದರೆ ಸೀಳು ಮುಚ್ಚಿರಬೇಕು. ಬಾಯಿ ಬಿಟ್ಟಿದ್ದರೆ ಗಾಳಿ ಸೋರಿ ಎಳೆತ ಹೋಯಿತೆಂದೇ ಅರ್ಥ. ದಿನಕ್ಕೆ ಹಲವು ಸಲ ಬಳಸುವವರು ತಿಂಗಳು, ಎರಡು ತಿಂಗಳಿಗೆ ಬದಲಿಸಬೇಕಾಗುತ್ತದೆ. ನಮ್ಮ ಕಡೆ ಇನ್ನೊಂದು ಕಾರಣವೂ ಉಂಟು. ಮಲಪ್ರಭಾ ನೀರು ಬರುವ ಮನೆಯಲ್ಲಿ ಅಷ್ಟು ತ್ರಾಸಿಲ್ಲ, ಬೋರಿನ ಗಡಸು ನೀರಿನಲ್ಲಿ ಕುದಿಸಿದರೆ ಸೀಳಿನ ಮೇಲೆ ಬಿಳಿ ಸುಣ್ಣದ ಪದರು ಕೂತು ಅದು ಮುಚ್ಚುವುದೇ ಇಲ್ಲ. ನೀರು ಬೆರೆಸಿದ ವಿನೆಗರಿನಲ್ಲಿ ನೆನೆಸಿ ತೊಳೆದರೆ ಬಿಡುತ್ತದೆ. ಬೆರಳಿನಿಂದ ತಿಕ್ಕಬೇಡಿ, ಸೀಳು ಹರಿಯುತ್ತದೆ.

ತೊಳೆಯುವುದು ಸಿಂಕಿನಲ್ಲಲ್ಲ, ಇದಕ್ಕೆಂದೇ ತೆಗೆದಿಟ್ಟ ಬೋಗುಣಿಯಲ್ಲಿ. ಬಿಸಿನೀರು, ಸೋಪು, ದಿನಕ್ಕೊಮ್ಮೆ ಐದು ನಿಮಿಷ ಕುದಿತ. ನಳಿಕೆ, ಮೋಟರ್ ಕುದಿಸುವ ವಸ್ತುಗಳಲ್ಲ. ನಳಿಕೆಯಲ್ಲಿ ಹನಿ ಕಂಡರೆ ಫ್ಲೇಂಜ್ ಬಿಚ್ಚಿ ಎರಡು ನಿಮಿಷ ಮೋಟರ್ ಓಡಿಸಿ ಒಣಗಿಸಿ.

ಬಳಸುವ ಕ್ರಮ ಹೀಗೆ. ಕೂಸಿಗೆ ಕುಡಿಸಿದ ಮೇಲೆ ಎದೆಯನ್ನು ಕೈಯಿಂದ ನೀವಿ, ಎರಡು ನಿಮಿಷ ಪಂಪಿನ ಮಸಾಜ್ ಮೋಡ್ (ಪಟಪಟ ಎಳೆಯುವುದು), ಹಾಲು ಇಳಿದ ಮೇಲೆ ನಿಧಾನದ ಮೋಡ್, ಒಟ್ಟು 10–15 ನಿಮಿಷ. ಎಳೆತ ನೋಯದಷ್ಟೇ ಇರಲಿ. ನೋವಾದರೆ ಹಾಲು ಇಳಿಯುವುದೇ ನಿಲ್ಲುತ್ತದೆ. ಕುಡಿಸುವುದು, ತೆಗೆಯುವುದು ಸೇರಿ 24 ತಾಸಿನಲ್ಲಿ 8–12 ಸಲ. ಅದರಲ್ಲಿ ಒಂದು ಸಲವಾದರೂ ನಟ್ಟಿರುಳಿನಲ್ಲಿ ಇರಬೇಕು, ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ರಾತ್ರಿಯೇ ಹೆಚ್ಚು. ದಿನಕ್ಕೊಮ್ಮೆ 20 ನಿಮಿಷ ಪಂಪ್, 10 ಬಿಡುವು, 10 ಪಂಪ್, 10 ಬಿಡುವು, 10 ಪಂಪ್ ಮಾಡುವ ಪದ್ಧತಿಯೂ ಇದೆ. ಅದರ ಫಲ ಆ ದಿನವೇ ಕಾಣುವುದಿಲ್ಲ, ಕೆಲವು ದಿನ ಬೇಕು. ಕುಡಿಸಿದ ಮೇಲೆ ತೆಗೆದಾಗ 15–30 ಮಿ.ಲೀ. ಬಂದರೆ ಅದು ಸೋಲಲ್ಲ, ಉಳಿಕೆ ಅಷ್ಟೇ. ಬಾಟಲಿ ನೋಡಿ "ಇಷ್ಟೇನಾ?" ಅನ್ನುವ ಹಿರಿಯರನ್ನು ಕೋಣೆಯಿಂದ ದೂರ ಇಡುವುದು ಕ್ಷೇಮ. ತೆಗೆದ ಹಾಲು 25 ಡಿಗ್ರಿ ತನಕದ ಕೋಣೆಯಲ್ಲಿ 4 ತಾಸು, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕೂಡಲೇ ಕುಡಿಸಿ, ಇಲ್ಲವೇ ಫ್ರಿಜ್ಜಿನಲ್ಲಿ ಇಡಿ. ಕುಡಿಸಲು ಬಾಟಲಿಗಿಂತ ಒಳಲೆ ಅಥವಾ ಬಟ್ಟಲು-ಚಮಚ ಚಲೋ.

ಮೊದಲ ಎರಡು ದಿನ ಮೋಟರ್ ಪಂಪ್ ಬೇಕಾಗಿಯೇ ಇಲ್ಲ. ಗಿಣ್ಣುಹಾಲು ದಪ್ಪ, ಹನಿ ಲೆಕ್ಕದ್ದು. ಪ್ಲಾಸ್ಟಿಕ್ಕಿಗೇ ಅಂಟಿ ಹೋಗುತ್ತದೆ. ಬೆರಳುಗಳಿಂದ ಕಪ್ಪು ಭಾಗದ ಅಂಚಿನಲ್ಲಿ ಒಳಕ್ಕೆ ಒತ್ತಿ, ಹಿಚುಕಿ, ಬಿಟ್ಟು ಚಮಚಕ್ಕೆ ಇಳಿಸಿ. ತೊಟ್ಟು ಒಳಗೆ ಹೋಗಿದ್ದರೆ 10 ಅಥವಾ 20 ಮಿ.ಲೀ. ಸಿರಿಂಜ್ ಸಾಕು. ಮೂತಿಯ ಕಡೆ ಕತ್ತರಿಸಿ, ಪ್ಲಂಜರನ್ನು ಕತ್ತರಿಸಿದ ಬದಿಯಿಂದ ತೂರಿಸಿ, ನುಣುಪಾದ ಬದಿಯನ್ನು ಎದೆಗೆ ಹಚ್ಚಿ, ಮೆಲ್ಲಗೆ ಜಗ್ಗಿ ಅರ್ಧ-ಒಂದು ನಿಮಿಷ ಹಿಡಿಯಿರಿ. ಕುಡಿಸುವ ಮುನ್ನ ಹೀಗೆ ಮಾಡಿದರೆ ಕೂಸಿಗೆ ಬಾಯಿ ಹಚ್ಚಲು ಬರುತ್ತದೆ.

ಶತಾವರಿ ಡಬ್ಬಿಗೆ ನಮ್ಮ ಅಂಕ ಕಡಿಮೆ. ಎಷ್ಟೋ ಗ್ರಾನ್ಯೂಲ್‌ಗಳಲ್ಲಿ ಸಕ್ಕರೆಯ ಪಾಲೇ ದೊಡ್ಡದು. ಹಿಂದಿನ ಪಟ್ಟಿ ಓದಿ, ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿ. ಹಾಲು ಹೆಚ್ಚಿಸುತ್ತದೆ ಅನ್ನುವುದಕ್ಕೆ ಪುರಾವೆ ಬಲವಾಗಿಲ್ಲ. ಬಾಣಂತಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು, ಅದನ್ನು ಕೊಬ್ಬರಿ, ಉತ್ತತ್ತಿ, ಬೆಲ್ಲದ ಅಂಟಿನ ಉಂಡಿ ಕೊಡುತ್ತದೆ. ಆದರೆ ಉಂಡಿ ತಿನ್ನಿಸಿ ನೀರು ಕಟ್ಟುವ ಮನೆಗಳಿವೆ, ಅದು ತಪ್ಪು. ಕೆಂಡದ ಕಾವಿಗೆ ಬೆವರುವಾಕಿಗೆ ಬಾಯಾರಿದಷ್ಟೂ ನೀರು ಕೊಡಬೇಕು. ಹಾಲು ಹೆಚ್ಚಲಿ ಎಂದು ಕೆಲವರು ನುಂಗುವ ಡೊಂಪೆರಿಡೋನ್ ಗುಳಿಗೆಯನ್ನು ಡಾಕ್ಟರ ಚೀಟಿ ಇಲ್ಲದೆ ಕೇಳಬೇಡಿ, ಹೃದಯದ ಬಡಿತಕ್ಕೆ ತೊಂದರೆ ಆಗುವುದುಂಟು.

ಪಂಪ್ ಕೊಳ್ಳುವ ಮೊದಲು ಹಾಲು ಕಡಿಮೆ ಇರುವುದು ಖರೆಯೇ ನೋಡಿ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಮೂತ್ರ, ಹಳದಿ ಮಲ, 10–14 ದಿನದಲ್ಲಿ ಹುಟ್ಟಿದಷ್ಟೇ ತೂಕ ಬಂದರೆ ಸಾಲುತ್ತಿದೆ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರುತ್ತಾರೆ. ತೂಕ ಹಾಕಿಸಿ, ಬರೆಸಿಕೊಳ್ಳಿ. ತೂಕ ಹತ್ತು ಶೇಕಡಾ ಇಳಿದರೆ, ಮೂತ್ರ ಕಡಿಮೆಯಾಗಿ ಕೂಸು ಮಂಪರಾದರೆ ಪಂಪಿನ ಮಾತು ಬಿಟ್ಟು ಅಂದೇ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಧಾರವಾಡದ ಎಸ್‌ಡಿಎಂ, ಗದಗಿನ ಜಿಮ್ಸ್, ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಯ ಮಕ್ಕಳ ವಿಭಾಗಕ್ಕೆ ಹೋಗಿ. ತಾಯಿಯ ಥೈರಾಯ್ಡ್, ಹೆರಿಗೆಯಲ್ಲಿ ಹೋದ ರಕ್ತ, ಒಳಗೆ ಉಳಿದ ಮಾಸದ ಚೂರು ಕಾರಣವಾಗಿದ್ದರೆ ಯಾವ ಪಂಪೂ ಅದನ್ನು ಸರಿಮಾಡದು.

ಪಂಪಿನ ಜೊತೆ ಹಾಲಿನ ಪುಡಿಗೆ ಸ್ಕೀಮ್ ಇದೆ ಎಂದರೆ ಆ ಅಂಗಡಿ ಬಿಡಿ, ಅದು ಕೂಸಿನ ಹಾಲಿನ ಪುಡಿ, ಬಾಟಲಿಗಳ ಮಾರಾಟವನ್ನು ನಿಯಂತ್ರಿಸುವ 1992ರ ಕಾಯ್ದೆಗೆ ವಿರುದ್ಧ. ಸೀಲ್ ಒಡೆದ ಪಂಪನ್ನು ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ. ಆದ್ದರಿಂದ ರೊಕ್ಕ ಕೊಡುವ ಮೊದಲೇ ಆ ಮಾಡೆಲ್ಲಿಗೆ ಬೇರೆ ಅಳತೆಯ ಫ್ಲೇಂಜ್, ಹೆಚ್ಚಿನ ವಾಲ್ವ್ ಸಿಗುತ್ತವೆಯೇ ಕೇಳಿ, ಬಿಲ್ಲಿನ ಮೇಲೆ ಮೋಟರಿನ ವಾರಂಟಿ ಬರೆಸಿ.