ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ: ದುಡ್ಡು ಕೊಡುವ ಮುಂಚೆ ಬಾಟಲಿ ಮೇಲಿನ ಅಂಕಿ ಓದಿ

ದೊಡ್ಡವರಾದ ಮೇಲೆ ಮೂರ್ಛೆ ರೋಗ ಕಾಣಿಸಿಕೊಂಡವರ ಚೀಟಿಯಲ್ಲಿ ಲೆವೆಟಿರಾಸಿಟಮ್, ವಾಲ್‌ಪ್ರೊಯೇಟ್‌ನಂಥ ದಿನದ ಮಾತ್ರೆಗಳ ಕೆಳಗೆ ಕೆಲವೊಮ್ಮೆ ಮಿಡಜೋಲಾಮ್ ನೇಸಲ್ ಸ್ಪ್ರೇ ಎಂಬ ಸಾಲೂ ಇರುತ್ತದೆ. ಫಿಟ್ಸ್ ನಿಲ್ಲದೆ ಮುಂದುವರಿದರೆ ಮನೆಯವರೇ ಕೊಡಬಹುದಾದ ಔಷಧ ಇದು. ಸೂಜಿ ಬೇಡ, ನರ್ಸ್ ಬೇಡ, ಬಟ್ಟೆ ಸರಿಸಿ ಗುದದ್ವಾರಕ್ಕೆ ಡಯಾಜೆಪಾಮ್ ಹಾಕುವ ಮುಜುಗರವೂ ಇಲ್ಲ. ಜಗಳೂರಿನ ಹಳ್ಳಿಯಿಂದ ದಾವಣಗೆರೆಯ ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ಕಳೆಯಬಹುದು. ಅಂಥ ಮನೆಗೆ ಈ ಸಣ್ಣ ಬಾಟಲಿ ನಿಜಕ್ಕೂ ದೊಡ್ಡ ಆಸರೆ. ಔಷಧದ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅದು ಬರುವ ಬಾಟಲಿಯ ಬಗ್ಗೆ.

ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಎರಡು ಬಗೆ. ಒಂದರಲ್ಲಿ ಪ್ರತಿ ಪಫ್‌ಗೆ 0.5 ಮಿ.ಗ್ರಾಂ ಔಷಧ, ಇನ್ನೊಂದರಲ್ಲಿ 1.25 ಮಿ.ಗ್ರಾಂ. ಎರಡರಲ್ಲೂ ಒಂದು ಪಫ್ ಎಂದರೆ ಸುಮಾರು 0.1 ಮಿ.ಲೀ. ದ್ರವ. ಮೂಗಿನ ಮೂಲಕ ಕೊಡುವಾಗ ಡಾಕ್ಟರುಗಳು ಸಾಮಾನ್ಯವಾಗಿ ಕಿಲೋ ತೂಕಕ್ಕೆ 0.2 ಮಿ.ಗ್ರಾಂ ಲೆಕ್ಕ ಹಿಡಿಯುತ್ತಾರೆ, ಗರಿಷ್ಠ 10 ಮಿ.ಗ್ರಾಂ. ಐವತ್ತು ಕಿಲೋ ತೂಗುವವರಿಗೆ ಅಲ್ಲಿಗೇ 10 ಮಿ.ಗ್ರಾಂ ಆಯಿತು. 1.25ರ ಬಾಟಲಿಯಾದರೆ ಎಂಟು ಪಫ್, ಹೊಳ್ಳೆಗೆ ನಾಲ್ಕರಂತೆ. 0.5ರ ಬಾಟಲಿಯಾದರೆ ಇಪ್ಪತ್ತು! ನಡುಗುವ ಕೈಯಲ್ಲಿ ಇಪ್ಪತ್ತು ಸಲ ಒತ್ತಿ ಎಣಿಸುವುದು ಯಾರಿಗೂ ಸುಲಭವಲ್ಲ. ಎಣಿಸಿದರೂ ಒಂದೊಂದು ಹೊಳ್ಳೆಗೆ 1 ಮಿ.ಲೀ. ಆಗುತ್ತದೆ. ಮೂಗಿನ ಒಳಪದರ ಅಷ್ಟನ್ನು ಹೀರುವುದಿಲ್ಲ. ಅರ್ಧ ಮಿ.ಲೀ.ಗಿಂತ ಹೆಚ್ಚಾದದ್ದು ಬಹುಪಾಲು ಗಂಟಲಿಗೆ ಇಳಿದು ಹೊಟ್ಟೆ ಸೇರುತ್ತದೆ. ಅಲ್ಲಿಂದ ರಕ್ತಕ್ಕೆ ಬರುವುದು ನಿಧಾನ, ಬರುವ ಮುಂಚೆ ಲಿವರ್ ಅದರಲ್ಲಿ ದೊಡ್ಡ ಪಾಲನ್ನು ಕರಗಿಸಿಬಿಡುತ್ತದೆ. "ಸ್ಪ್ರೇ ಹೊಡೆದ್ವಿ, ಏನೂ ಆಗ್ಲಿಲ್ಲ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ: ಮಕ್ಕಳ ತೂಕಕ್ಕೆ ಸರಿಹೋಗುವ ಬಾಟಲಿಯಿಂದ ದೊಡ್ಡವರಿಗೆ ಎರಡು ಪಫ್ ಹೊಡೆದಿರುತ್ತಾರೆ. ಎರಡು ಪಫ್ ಎಂದರೆ 1 ಮಿ.ಗ್ರಾಂ, ಬೇಕಾದದ್ದರ ಹತ್ತನೇ ಒಂದು ಭಾಗ.

ಆದ್ದರಿಂದ ವಯಸ್ಕರು 1.25ರದ್ದನ್ನೇ ಕೇಳಬೇಕು. ಚೀಟಿಯಲ್ಲಿ ಬರೀ ಔಷಧದ ಹೆಸರಿದ್ದರೆ ಸಾಲದು. ಪಫ್‌ಗೆ ಎಷ್ಟು ಮಿ.ಗ್ರಾಂ, ಒಟ್ಟು ಎಷ್ಟು ಪಫ್, ಎಷ್ಟು ನಿಮಿಷ ದಾಟಿದ ಮೇಲೆ ಕೊಡಬೇಕು, ಎರಡನೇ ಸಲ ಕೊಡಬಹುದೋ ಬೇಡವೋ, ಈ ನಾಲ್ಕನ್ನೂ ಡಾಕ್ಟರ್ ಕೈಯಲ್ಲೇ ಬರೆಸಿಕೊಳ್ಳಿ. ಪಿ.ಜೆ. ಬಡಾವಣೆಯಲ್ಲಿ, ದೊಡ್ಡ ಆಸ್ಪತ್ರೆಗಳ ಮುಂದಿನ ಮೆಡಿಕಲ್ ಶಾಪ್‌ಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಆದರೆ ಎಲ್ಲ ಅಂಗಡಿಯವರೂ ಇಟ್ಟಿರುವುದಿಲ್ಲ. ನ್ಯಾಮತಿ, ಚನ್ನಗಿರಿ ಕಡೆಯವರು ಹೊರಡುವ ಮುಂಚೆ ಫೋನ್ ಮಾಡಿ ವಿಚಾರಿಸುವುದು ಲೇಸು. ಮಿಡಜೋಲಾಮ್ ಷೆಡ್ಯೂಲ್ ಎಚ್1 ಪಟ್ಟಿಯ ಔಷಧ. ಚೀಟಿ ಇಲ್ಲದೆ ಕೊಡುವಂತಿಲ್ಲ, ರೋಗಿಯ ಮತ್ತು ಡಾಕ್ಟರ ಹೆಸರು ರಿಜಿಸ್ಟರ್‌ನಲ್ಲಿ ಬರೆದುಕೊಂಡು ಮೂರು ವರ್ಷ ಇಡಬೇಕು. ಅಂಗಡಿಯವರು ಇಷ್ಟೆಲ್ಲ ಕೇಳಿದರೆ ಬೇಸರ ಪಡಬೇಡಿ, ಅವರು ಸರಿಯಾಗಿ ಕೆಲಸ ಮಾಡುತ್ತಿದ್ದಾರೆ.

ಎರಡನೇ ಕೊರತೆ ಪಂಪ್‌ನದು. ಬಾಟಲಿಯೊಳಗೆ ತಳ ಮುಟ್ಟುವ ಸಣ್ಣ ಕೊಳವೆ ಇರುತ್ತದೆ. ಬಾಟಲಿ ನೆಟ್ಟಗಿದ್ದರೆ ಔಷಧ ಮೇಲೇರುತ್ತದೆ, ಅಡ್ಡ ಮಲಗಿಸಿದರೆ ಗಾಳಿ ಎಳೆಯುತ್ತದೆ. ಫಿಟ್ಸ್ ಬಂದವರು ನೆಲದ ಮೇಲೆ ಮಲಗಿರುತ್ತಾರಲ್ಲ, ಅಂಗಾತ ಮಲಗಿದವರ ಮೂಗಿಗೆ ಹಿಡಿಯಬೇಕೆಂದರೆ ಬಾಟಲಿ ಅಡ್ಡವಾಗಿಯೇ ಹೋಗುತ್ತದೆ. ಅರ್ಧ ಖಾಲಿಯಾದ ಬಾಟಲಿಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಪರಿಹಾರವಿದೆ: ಅವರ ತಲೆ, ಹೆಗಲನ್ನು ನಿಮ್ಮ ತೊಡೆಗೆ ಒರಗಿಸಿ ಸ್ವಲ್ಪ ಎತ್ತರಿಸಿ, ಬಾಟಲಿ ಆದಷ್ಟು ನೆಟ್ಟಗಿರುವಂತೆ ಕೆಳಗಿನಿಂದ ಹೊಳ್ಳೆಗೆ ಇಡಿ. ತಲೆಯನ್ನು ಹಿಂದಕ್ಕೆ ಬಗ್ಗಿಸಬೇಡಿ, ಔಷಧ ನೇರ ಗಂಟಲಿಗೆ ಹೋಗುತ್ತದೆ. ಹೊಸ ಬಾಟಲಿಯ ಮೊದಲ ಒತ್ತುಗಳಲ್ಲಿ ಬರುವುದು ಬರೀ ಗಾಳಿ. ತಂದ ದಿನವೇ ಮೂಗಿನಿಂದ ದೂರ ಹಿಡಿದು ನುಣ್ಣನೆಯ ಮಂಜು ಚಿಮ್ಮುವವರೆಗೆ ಒತ್ತಿ ಸಿದ್ಧ ಮಾಡಿಡಿ. ಬಹಳ ದಿನ ಮುಟ್ಟದೆ ಇಟ್ಟಿದ್ದರೆ ಬಳಸುವಾಗ ಮತ್ತೆ ಒಂದೆರಡು ಸಲ ಹೊರಗೆ ಒತ್ತಿ. ಇವು ಲೆಕ್ಕಕ್ಕೆ ಸೇರುವುದಿಲ್ಲ. ಅಭ್ಯಾಸಕ್ಕೆ ಔಷಧ ಖರ್ಚು ಮಾಡಬೇಕಿಲ್ಲ, ನೆಗಡಿಗೆ ಬಳಸುವ ಉಪ್ಪುನೀರಿನ ಸ್ಪ್ರೇ ಬಾಟಲಿಯಲ್ಲೂ ಇಂಥದೇ ಪಂಪ್ ಇರುತ್ತದೆ. ಮನೆಯಲ್ಲಿ ಕನಿಷ್ಠ ಇಬ್ಬರು ಅದನ್ನು ಹಿಡಿದು ಕಲಿಯಲಿ.

ಯಾವಾಗ ಹೊಡೆಯಬೇಕು ಎಂಬುದೇ ಎಲ್ಲಕ್ಕಿಂತ ಮುಖ್ಯ. ಬಹುಪಾಲು ಫಿಟ್ಸ್ ಒಂದರಿಂದ ಮೂರು ನಿಮಿಷದೊಳಗೆ ತಾನೇ ನಿಲ್ಲುತ್ತವೆ, ಅವಕ್ಕೆ ಸ್ಪ್ರೇ ಬೇಡ. ಐದು ನಿಮಿಷ ದಾಟಿದರೆ ತಾನೇ ನಿಲ್ಲುವ ಸಾಧ್ಯತೆ ಕಡಿಮೆ, ಹೊತ್ತು ಹೋದಷ್ಟೂ ಔಷಧಕ್ಕೂ ಬಗ್ಗದಂತಾಗುತ್ತದೆ. ನೋಡುವವರಿಗೆ ಒಂದು ನಿಮಿಷವೇ ಹತ್ತು ನಿಮಿಷದಂತೆ ಕಾಣುವುದರಿಂದ ಅಂದಾಜು ನಂಬಬೇಡಿ. ಫಿಟ್ಸ್ ಶುರುವಾದ ತಕ್ಷಣ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿ, ಅವರನ್ನು ಪಕ್ಕಕ್ಕೆ ಹೊರಳಿಸಿ, ಕುತ್ತಿಗೆಯ ಗುಂಡಿ ಸಡಿಲಿಸಿ. ಕೈಗೆ ಬೀಗದ ಕೈ ತುರುಕುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ಇಡುವುದು ಯಾವುದೂ ಬೇಡ. ಅಷ್ಟು ಹೊತ್ತಿನಲ್ಲಿ ಒಬ್ಬರು ಸ್ಪ್ರೇ ತರಬಹುದು. ಡಾಕ್ಟರ್ ಹೇಳಿದ ನಿಮಿಷ ದಾಟಿತೋ, ಎರಡೂ ಹೊಳ್ಳೆಗೆ ಸಮನಾಗಿ ಹಂಚಿ ಹೊಡೆಯಿರಿ, ಗಟ್ಟಿಯಾಗಿ ಎಣಿಸಿ. ಮೂಗಿನಲ್ಲಿ ಸಿಂಬಳ, ರಕ್ತ ಇದ್ದರೆ ಮೊದಲು ಒರೆಸಿ, ಇಲ್ಲವಾದರೆ ಔಷಧ ಒಳಪದರ ಮುಟ್ಟುವುದೇ ಇಲ್ಲ. ಮುಗಿದ ಕೂಡಲೇ ಮತ್ತೆ ಪಕ್ಕಕ್ಕೆ ಮಲಗಿಸಿ. ಕೆಲವು ನಿಮಿಷದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಇನ್ನಷ್ಟು ಹೊಡೆಯುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಗರ್ಭಿಣಿಯಾಗಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ, ನೀರಿನಲ್ಲಿ ಬಿದ್ದಿದ್ದರೆ ಐದು ನಿಮಿಷ ಕಾಯದೆ ಮೊದಲೇ ಕರೆ ಮಾಡಿ.

ನಿಂತ ಮೇಲೆ ಅವರು ಗಾಢ ನಿದ್ದೆಗೆ ಜಾರುತ್ತಾರೆ. ಆಗ ಬಿಟ್ಟು ಹೋಗಬಾರದು. ಈ ಔಷಧ ಉಸಿರನ್ನು ನಿಧಾನ ಮಾಡಬಲ್ಲದು. ಎದೆ ಏರಿಳಿಯುವುದನ್ನು ನೋಡುತ್ತಿರಿ, ತುಟಿ ನೀಲಿಗಟ್ಟಿದರೆ, ಉಸಿರು ತೀರಾ ವಿರಳವಾದರೆ ಕೂಡಲೇ 108. ಪೂರ್ತಿ ಎಚ್ಚರವಾಗುವವರೆಗೆ ನೀರೂ ಬೇಡ, ಮಾತ್ರೆಯೂ ಬೇಡ. ಕುಡಿದವರಿಗೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಅಥವಾ ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಿಗೆ, ಫಿಟ್ಸ್‌ಗೆಂದು ಕೊಡುವ, ನಿದ್ದೆಯನ್ನೂ ತರಿಸುವ ಕ್ಲೊಬಜಾಮ್‌ನಂಥ ಮಾತ್ರೆಯ ಮೇಲಿರುವವರಿಗೆ ಈ ಅಪಾಯ ಹೆಚ್ಚು. ಎಚ್ಚರವಾದ ಮೇಲೆ ಮೂಗು ಉರಿ, ಕಣ್ಣಲ್ಲಿ ನೀರು, ಬಾಯಿ ಕಹಿ ಇರಬಹುದು, ಅದಕ್ಕೆ ಹೆದರಬೇಕಿಲ್ಲ.

ಏಪ್ರಿಲ್, ಮೇನಲ್ಲಿ ದಾವಣಗೆರೆಯ ಬಿಸಿಲಿಗೆ ಬೈಕ್ ಡಿಕ್ಕಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟ ಔಷಧ ಕೆಡುತ್ತದೆ. ಡಬ್ಬದ ಮೇಲೆ ಬರೆದ ಡಿಗ್ರಿ ನೋಡಿ, ಕತ್ತಲಿರುವ ತಣ್ಣನೆಯ ಜಾಗದಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಡಬ್ಬದ ಬರಹ ಸಣ್ಣ ಅಕ್ಷರದ ಇಂಗ್ಲಿಷ್. ಆತುರದಲ್ಲಿ ಅದನ್ನು ಓದುವವರಾರು? ಬಾಟಲಿಗೆ ಬಿಳಿ ಟೇಪ್ ಸುತ್ತಿ ಕನ್ನಡದಲ್ಲಿ "5 ನಿಮಿಷ ದಾಟಿದರೆ, ಬಲಕ್ಕೆ 4, ಎಡಕ್ಕೆ 4" ಎಂದು ನಿಮ್ಮ ಚೀಟಿಯ ಲೆಕ್ಕದಂತೆ ದಪ್ಪಗೆ ಬರೆಯಿರಿ. ಕಂಪನಿಗಳು ಮಾಡಬೇಕಾದ ಕೆಲಸ ಅದು. ತೂಕ ಏರಿಳಿದಾಗ ಡಾಕ್ಟರನ್ನು ಕೇಳಿ ಆ ಅಂಕಿ ಬದಲಿಸಿ.

ಎಲ್ಲರೂ ಇದನ್ನು ಕೊಳ್ಳಬೇಕಿಲ್ಲ. ಮಾತ್ರೆಯಿಂದ ಫಿಟ್ಸ್ ಹತೋಟಿಯಲ್ಲಿದ್ದು, ಬಂದರೂ ಒಂದೆರಡು ನಿಮಿಷದಲ್ಲಿ ನಿಲ್ಲುತ್ತಿದ್ದರೆ ಬಾಟಲಿ ಎಕ್ಸ್‌ಪೈರಿ ದಾಟಿ ಕಸಕ್ಕೆ ಹೋಗುತ್ತದೆ. ಹಿಂದೆ ಐದು ನಿಮಿಷ ಮೀರಿ ಬಂದವರಿಗೆ, ಒಂದೇ ದಿನ ಮೇಲಿಂದ ಮೇಲೆ ಬರುವವರಿಗೆ, ಆಸ್ಪತ್ರೆಯಿಂದ ದೂರವಿರುವವರಿಗೆ ಇದು ಖಂಡಿತ ಬೇಕು. ಒಬ್ಬರೇ ಬಾಡಿಗೆ ರೂಮಿನಲ್ಲಿರುವವರು ಮಾತ್ರ ಒಂದು ವಿಷಯ ಮೊದಲೇ ಯೋಚಿಸಬೇಕು: ಪ್ರಜ್ಞೆ ತಪ್ಪಿದ ಮೇಲೆ ತಮಗೆ ತಾವೇ ಹೊಡೆದುಕೊಳ್ಳಲಾಗದು. ಮನೆ ಮಾಲೀಕರಿಗೋ ಪಕ್ಕದ ರೂಮಿನವರಿಗೋ ಬಾಟಲಿ ಎಲ್ಲಿದೆ, ಎಷ್ಟು ಪಫ್ ಎಂದು ತೋರಿಸಿ, ಕೆಲಸದ ಜಾಗದಲ್ಲಿ ಇನ್ನೊಂದು ಬಾಟಲಿ ಇಡಿ.