ಹಳೇ ಸಿಂಗರ್ ಕೈ ಮಷಿನ್: ಟೋಪಿಗೆ ಸೈ

ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಕರೆಂಟ್ ಮಷಿನ್‌ಗಳದ್ದೇ ಸದ್ದು. ನಾನು ತಂದಿದ್ದು ರಿಪೇರಿ ಅಂಗಡಿಯ ಮೂಲೆಯಲ್ಲಿದ್ದ ಸಿಂಗರ್ ಕೈ ಮಷಿನ್. ಕಪ್ಪು ಮೈ, ಮಾಸಿದ ಬಂಗಾರದ ಬಳ್ಳಿ. 3,500 ರೂಪಾಯಿ. ಅಂಗಡಿಯ ಅಜ್ಜ ಹೊಸ ಸೂಜಿ ಹಾಕಿ ಎದುರಿಗೇ ಹೊಲಿದು ತೋರಿಸಿದರು. "ಮಷಿನ್ ಎಣ್ಣೀನ ಬಿಡವಾ, ಕೊಬ್ಬರಿ ಎಣ್ಣಿ ಹಾಕಬ್ಯಾಡ, ಅಂಟು ಕಟ್ತೈತಿ" ಅಂದರು.

ನಾನು ಹೊಲಿಯೋದು ಕೂಸುಗಳ ಕುಲಾವಿ, ಬಿಸಿಲಿಗೆ ಅಗಲ ಅಂಚಿನ ಬಟ್ಟೆ ಟೋಪಿ. ನಮ್ಮೂರ ಬಿಸಿಲು ಗೊತ್ತಲ್ವಾ! ತಿರುವಿನಲ್ಲಿ ಒಂದೊಂದೇ ಹೊಲಿಗೆ ಹಾಕಬಹುದು, ಅದೇ ಇದರ ಸುಖ. ಆದರೆ ಬಲಗೈ ಹಿಡಿಕೆಗೇ ಹೋಗುತ್ತದೆ, ಬಟ್ಟೆಗೆ ಎಡಗೈ ಒಂದೇ. ಜಿಗ್‌ಜಾಗ್, ಅಂದರೆ ಅಂಕುಡೊಂಕು ಹೊಲಿಗೆ, ಇಲ್ಲ.

ಗುಂಡಗೆ ಹೊಲಿಯಲು ಡ್ರಾಯಿಂಗ್ ಪಿನ್ನನ್ನು ಮೊನೆ ಮೇಲಾಗಿ ಮಷಿನ್‌ಗೆ ಟೇಪ್ ಹಚ್ಚಿ ಕೂರಿಸಿದ್ದೇನೆ. ಬಟ್ಟೆಯ ನಡುವನ್ನು ಅದಕ್ಕೆ ಚುಚ್ಚಿದರೆ ಸಾಕು, ತಾನೇ ಸುತ್ತುತ್ತದೆ. ಇಸ್ತ್ರಿಗೆ ಹಳೇ ಪ್ಯಾಂಟಿನ ಕಾಲಿಗೆ ಕಟ್ಟಿಗೆ ಹೊಟ್ಟು ಬಿಗಿಯಾಗಿ ತುಂಬಿದ ಗುಂಡು. ನೆತ್ತಿಯ ಹೊಲಿಗೆ ಅದರ ಮೇಲೆ ಚೆಂದ ಕೂರುತ್ತದೆ.

ಕೊಳ್ಳುವಾಗ ಸೂಜಿ ಕೆಳಗಿನ ತಗಡು ಸರಿಸಿ ನೋಡಿ. ದುಂಡು ಬಾಬಿನ್ (ಕೆಳದಾರ ಸುತ್ತುವ ಉರುಳೆ) ಇದ್ದರೆ ತಗೊಳ್ಳಿ. ಬಾಬಿನ್ ಕೂರುವ ಗೂಡು ದೋಣಿಯಂಥ ಉದ್ದ ಶಟಲ್ ಆಗಿದ್ದರೆ ಬೇಡ, ಅದರ ಬಾಬಿನ್ ಹುಡುಕೋದೇ ದೊಡ್ಡ ಕೆಲಸ.